ಗೆರೆಯ ದಪ್ಪ

ಕುಣಿ ಇನ್ನೂ ಸೊಂಟದಾಳ ಇತ್ತು.
ಕೋಡ್ಲಿ ರಸ್ತೆಗೆ ಹೊರಟಿದ್ದವನೊಬ್ಬ ಬೈಕು ನಿಲ್ಲಿಸಿ
ಬದುವಿನಿಂದಲೇ ಕೂಗಿದ: "ಯಾರ್ ಹೋದರೋ, ಲಾಡ್ಲೇಸಾಬ?"
ಅವನು ತಲೆ ಎತ್ತಲಿಲ್ಲ.
"ಯಾರೂ ಇಲ್ಲೋ. ಮ್ಯಾಡಮ್ಮರು
ಹೊಲದ ಹೊಟ್ಟಿ ನೋಡ್ಲಾಕ ಬಂದಾರ."

ನಾಲ್ಕೂರ ಹೆಣಕ್ಕೆ ಕುಣಿ ತೋಡಿದ ಕೈ ಅದು,
ಗೋಡೆ ನೂಲು ಹಿಡಿದಂತೆ ಇಳಿದಿತ್ತು.
ನಾನು ಟೇಪು ಇಳಿಬಿಟ್ಟೆ, ಚಾಕುವಿನಲ್ಲಿ ಕೆರೆದೆ,
ಒಂದು ಹೆಂಟೆಗೆ ನೀರು ಚಿಮುಕಿಸಿ
ಬಣ್ಣದ ಪುಸ್ತಕದ ಕಿಂಡಿಗೆ ಹಿಡಿದೆ:
ಹತ್ತು ವೈ-ಆರ್, ಮೂರು, ಒಂದು.
"ಏನಂತದ?"
"ಕಡುಬೂದು."
"ಎರಿ," ಅಂದ,
ತಿದ್ದುವವನ ಹಾಗಲ್ಲ,
ಪಕ್ಕದ ಮನೆಯವರ ಹೆಸರು ಹೇಳುವವನ ಹಾಗೆ.

ಎರಡು ಮೊಳದ ಕೆಳಗೆ ಮಣ್ಣಿಗೆ ಮಣ್ಣು ಉಜ್ಜಿ
ಮಿರುಗುವ ಮೈ.
ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು
ಹೊಲ ತನ್ನನ್ನೇ ಬೀಸಿಕೊಂಡಿದೆ.
ಇನ್ನೂ ಕೆಳಗೆ ಸುಣ್ಣದ ಹರಳು. ಆಸಿಡ್ ಹನಿ ಬಿದ್ದದ್ದೇ
ಬುಸ್ಸೆಂದಿತು.
ಬುತ್ತಿ ತಂದ ಜಗದೇವಿ ಬಗ್ಗಿ ನೋಡಿದಳು.
"ಇಪ್ಪತ್ತು ವರ್ಷ ಆತು ಹೊಲಕ್ಕ ಬರಲಾಕತ್ತು.
ಇದು ಮಾತಾಡಿದ್ದು ಇವತ್ತೇ ಕೇಳಿನಿ."

ಮೇಲೆ ಕೆಂಗಲ್ಲಿನ ದಿನ್ನೆ, ಮಸಾರಿ. ಕೆಳಗೆ ಎರೆ.
ಎಲ್ಲಿ ಕೆಂಪು ಮುಗಿದು ಕಪ್ಪಾಗುತ್ತದೆ?
ನಕ್ಷೆಗೆ ಅದೊಂದೇ ಪ್ರಶ್ನೆ.
ಚಪ್ಪಲಿ ಕಳಚಿ, ತೊಗರಿ ಕೂಳೆಯ ನಡುವೆ
ಹೆಜ್ಜೆ ಹೆಜ್ಜೆಗೂ ಪಾದ ಒತ್ತಿ ನಡೆದಳು, ನಿಂತಳು.
"ಇಲ್ಲೀತನ ಮಸಾರಿ.
ನಮ್ಮತ್ತಿ ಇದ್ದಾಗ ಆ ಬನ್ನಿ ಗಿಡದ ಮ್ಯಾಗಿತ್ತು.
ಮಳಿ ಎಳಕೊಂಡು ಬಂದದ."

ರಾತ್ರಿ ಚಿಂಚೋಳಿಯ ಲಾಡ್ಜಿನಲ್ಲಿ,
ಕರೆಂಟು ಬಂದ ಮೇಲೆ, ಗೆರೆ ಎಳೆದೆ.
ಅರ್ಧ ಮಿಲಿಮೀಟರಿನ ಪೆನ್ಸಿಲು.
ಐವತ್ತು ಸಾವಿರಕ್ಕೊಂದರ ಹಾಳೆಯಲ್ಲಿ
ಆ ಗೆರೆಯ ದಪ್ಪ ನೆಲದ ಮೇಲೆ ಇಪ್ಪತ್ತೈದು ಮೀಟರು.
ಬನ್ನಿ ಗಿಡ, ಆಡಿನ ಹಟ್ಟಿ,
ಅತ್ತೆಯ ಕಾಲದಿಂದ ಜಾರಿ ಬಂದ ಅಷ್ಟೂ ಮಣ್ಣು
ಗೆರೆಯೊಳಗೇ ಇವೆ.
ಗೆರೆಯ ಈಚೆಗೆ ಒಡ್ಡು ಹಾಕಿ ಎಂದು ಬರೆದೆ,
ಆಚೆಗೆ ಹೊಂಡ ತೋಡಿ ಎಂದು.
ಒಳಗಿದ್ದವರಿಗೆ ಬರೆಯಲು
ಹಾಳೆಯಲ್ಲಿ ಜಾಗವಿಲ್ಲ.

ಒಂದು ಹೇಳುವುದು ಉಳಿಯಿತು. ಹೊರಡುವ ಮುನ್ನ ಕುಣಿ ಮುಚ್ಚಿದೆವು,
ತಳದ್ದು ತಳಕ್ಕೆ, ಮೇಲಿನದು ಮೇಲಕ್ಕೆ, ನಿಯಮದಂತೆ.
ಆರು ಬುಟ್ಟಿ ಮಣ್ಣು ಹೊರಗೇ ಉಳಿಯಿತು.
ಲಾಡ್ಲೇಸಾಬ ಗುದ್ದಲಿಗೆ ಗದ್ದ ಊರಿ
ಬಹಳ ಹೊತ್ತು ಅದನ್ನೇ ನೋಡಿದ.
"ಒಳಗ ಯಾರನ್ನೂ ಇಟ್ಟಿಲ್ಲ," ಅಂದ.
"ಮತ್ತ ಇದು ಹ್ಯಾಂಗ ಉಳೀತು?"