ಹನ್ನೆರಡು ಚೌಕ

ಅಸದ್ ಅಂದ: ಅಕ್ಕಾ, ಹನ್ನೆರಡು ಚೌಕ ಅವ,
ಹನ್ನೆರಡೇ ಫೋಟೋ ಆರಿಸ್ರಿ.
ಮೂರು ಹಾರ್ಡ್‌ಡಿಸ್ಕು, ನೆಗೆಟಿವ್ ತುಂಬಿದ
ಬಿಸ್ಕೀಟಿನ ಡಬ್ಬಿ ಐದು,
ಇಪ್ಪತ್ತೊಂದು ವರ್ಷ.
ಹನ್ನೆರಡೇ?

ಮಾದರಿಯೊಳಗ ಮೊದಲೇ ಯಾರವೋ ಚಿತ್ರ ಕುಂತಿದ್ವು:
ಬರ್ಫದ ಗುಡ್ಡ, ಕಾಫಿ ಕಪ್ಪು,
ಹಲ್ಲು ತೋರಿಸಿ ನಗೋ ಒಬ್ಬಾಕಿ.
ಗುಡ್ಡ ತೆಗೆದು ಅಲ್ಲಿ ಬೇವಿನ ಗಿಡ ಇಟ್ಟೆ,
ಫ್ಯಾಕ್ಟರಿ ಗ್ವಾಡಿ ಬಾಜೂಕಿಂದು,
ಎಲಿ ಎಲಿ ಮ್ಯಾಲ ಸಿಮೆಂಟಿನ ಹಿಟ್ಟು.
ಕಣ್ಣು ಸಣ್ಣ ಮಾಡಿ ನೋಡ್ದ:
ಇದೂ ಬರ್ಫೇ ಏನ್ರಿ?
ವಾಡಿಯೊಳಗ ಹುಟ್ಟಿದಂವ ಕೇಳೋ ಮಾತೇನಪಾ ಇದು!

ನನ್ನ ಹೆಸರು ಸಿಗಲಿಲ್ಲ. ಯಾರೋ ಆಗಲೇ ತೊಗೊಂಡಾರಂತ.
ಹುಡುಕಿ ನೋಡಿದ್ರ ಇನ್ನೊಬ್ಬಾಕಿ ಕಾಶಿಬಾಯಿ,
ಸೀರಿ ಮಾರ್ತಾಳ, ಛಲೋ ಸೀರಿ.
ನಾ ಹೆಸರಿನ ಮುಂದ ವಾಡಿ ಅಂತ ಹಚ್ಚಿದೆ,
ಮಾಲಗಾಡಿ ಡಬ್ಬಿಗೆ ಸುಣ್ಣದಾಗ
ಊರು ಬರೀತಾರಲ್ಲ, ಹಂಗ.

ಪಾಸ್‌ಪೋರ್ಟ್ ಸೈಜಿನ ಮಾರಿ ಬ್ಯಾಡಂತ, ಅದು ಕಲಾ ಅಲ್ಲಂತ.
ಗೇಟ್‌ಪಾಸಿಗೆ ಬಂದ ಹಮಾಲ ಒಬ್ಬಂವ
ನಳದಾಗ ಮಾರಿ ತಿಕ್ಕಿ ತೊಳಕೊಂಡು ಕುಂತಾಗ
ಕಿವಿ ಎರಡೂ ಬೆಳ್ಳಗೇ ಉಳದಿದ್ವು.
ನಾಕನೇ ಚೌಕ ಅವಂದು. ಅಸದ್ ಸುಮ್ಮಾದ.

ಹನ್ನೆರಡನೇದ್ದು ನನಗ ಮೊದಲನೇ ದಿನಾನೇ ಗೊತ್ತಿತ್ತು,
ಹೇಳಿದ್ದಿಲ್ಲ.

ಹಳಕರ್ಟಿ. ಬಿಸಲು ಇನ್ನಾ ಕಟ್ಟಿ ಹತ್ತಿದ್ದಿಲ್ಲ.
ಗುರುಬಸಮ್ಮನ್ನ ಕುರ್ಚಿಯೊಳಗ ಕೂಡ್ಸಿದ್ರು,
ಹಣಿಗೆ ವಿಭೂತಿ, ಕೊಳ್ಳಾಗ ಚೆಂಡುಹೂವಿನ ಮಾಲಿ.
ಮನಿ ಮಂದೆಲ್ಲಾ ಸುತ್ತ ನಿಂತು
ಅಳೋದು ಬಿಟ್ಟು ಕ್ಯಾಮೆರಾ ನೋಡಿದ್ರು.
ಗೋಣು ನಿಲ್ಲವಲ್ದು.
ಮೊಮ್ಮಗ ಕುರ್ಚಿ ಹಿಂದ ಮೊಣಕಾಲೂರಿ
ಸೆರಗಿನೊಳಗಿಂದ ಕೈ ಹಾಕಿ
ಗದ್ದ ಎತ್ತಿ ಹಿಡದ.
ಮೂರು ಬೆರಳು ಹೊರಗ ಉಳದ್ವು.

ಬೆರಳು ಅಳಿಸಿ ಕೊಡ್ರಿ ಅಂದ್ರು, ಅಳಿಸಿ ಕೊಟ್ಟೆ.
ಕಟ್ಟು ಹಾಕಿಸಿ ಗ್ವಾಡಿಗೆ ಹಚ್ಯಾರ,
ಮುದುಕಿ ತಾನಾಗೇ ಕುಂತಾಳ ಅಲ್ಲಿ.
ಅಳಿಸಲಾರದ್ದು ನನ್ನ ಕಡೆ ಅದ.

ಕೇಳ್ಬೇಕಲ್ಲ. ಗಾಡಿ ಹೊಡಕೊಂಡು ಹೋದೆ.
ಸಿದ್ರಾಮ ಕಲ್ಲು ಕೊಯ್ಯೋ ಮಷಿನ್ ಬಂದ್ ಮಾಡಿ ಬಂದ,
ತೊಯ್ದ ಅಂಗಿಗೇ ಕೈ ಒರಸಿ ಫೋನ್ ಹಿಡದು
ಭಾಳೊತ್ತು ನೋಡ್ದ. ಹಿಂದ ನೀರು ಹನಿಯೋ ಸಪ್ಪಳ.
ಅಮ್ಮನ್ನ ಬ್ಯಾಡ್ರಿ, ಅಂದ, ಊರಾನ ಮಂದಿ ನೋಡ್ತಾರ.
ಮಷಿನ್ ಕಡೆ ಹೊಂಟಂವ ತಿರುಗಿ ನಿಂತು:
ಕೈ ಬೇಕಾರ ಹಾಕ್ರಿ. ಅದು ನಂದದ.

ಈಗ ಅಲ್ಲಿ ಅಷ್ಟೇ ಅದ:
ಚೆಂಡುಹೂವಿನ ಅಂಚು, ಹಸರು ಸೆರಗು,
ಮೂರು ಬೆರಳು, ಉಗುರಿನೊಳಗ ಕಲ್ಲಿನ ಪುಡಿ.
ಕೆಳಗ ಏನಂತ ಬರೀಲಿ, ಅಂದ ಅಸದ್.
ತೂಕ ಅಂತ ಬರಿ, ಅಂದೆ.
ಬರೆದ ಮ್ಯಾಲ ಓದಿ, ಅಳಸು, ಅಂದೆ.

‘ನನ್ನ ಬಗ್ಗೆ’ ಅನ್ನೋ ಪುಟ ಇನ್ನಾ ಖಾಲಿ.
ಲೆನ್ಸ್ ಒರಸೋ ಕರೀ ಅರಬಿ
ಮುಂಜಾನೆ ಒಗೆದು ಹಾಕಿದ್ದೆ,
ಸಂಜಿಕ್ಕ ಮತ್ತ ಬೆಳ್ಳಗಾಗ್ಯಾದ.