ಅಂದುಂಞಿಯ ಬೋರ್ಡು

ಉಪ್ಪಳದಲ್ಲಿ ಹೈವೇ ಅಗಲವಾದಾಗ ಅರ್ಧ ಉಳಿದ ಗ್ಯಾರೇಜು.
ಅದರ ಹಿಂದೆ ಕೆಂಪುಕಲ್ಲಿನ ಮೇಲೆ ಕೂತ ಕಾರು,
ಚಕ್ರವಿಲ್ಲ, ಸೀಟಿನಲ್ಲಿ ಕೋಳಿ.
ಡಿಕ್ಕಿಯ ಮೇಲೆ ಮಾತ್ರ ಇನ್ನೂ ಹೊಳಪು:
ಮುಚ್ಚಿಹೋದ ಕಂಪೆನಿಯ ಹೆಸರು, ಸೊಲೇನ,
ಓರೆ ಇಂಗ್ಲಿಷಿನಲ್ಲಿ, ಒಂದೇ ಅಡಿಗೆರೆಯ ಮೇಲೆ ಎರಕ ಹೊಯ್ದ ಆರಕ್ಷರ.
ಆರಲ್ಲ, ಐದು. ನಾಲ್ಕನೆಯದು ಯಾವಾಗಲೋ ಮುರಿದು ಬಿದ್ದಿದೆ.

‘ಇದೇ ಅಕ್ಷರದಲ್ಲಿ ನನ್ನ ಬೋರ್ಡು ಆಗಬೇಕು ವಾರಿಜಕ್ಕ, ಕನ್ನಡದಲ್ಲಿ.
ಮಲಯಾಳದ್ದು ಉಂಟು, ಅದು ಪಂಚಾಯತಿನವರು ಕೇಳಿದ್ದು.
ಇದು ನಾನು ಕೇಳುವುದು.’

ನನ್ನದು ಸ್ಟಿಕ್ಕರ್ ಅಂಗಡಿ.
ನಂಬರ್ ಪ್ಲೇಟು, ಮದುವೆ ಕಾರಿನ ಹೃದಯ, ಮಂಜೇಶ್ವರದ ದೋಣಿಗಳ ಹೆಸರು.
ಬಟರ್ ಪೇಪರ್ ಹಿಡಿದು ಪೆನ್ಸಿಲ್ ತಿಕ್ಕಿದೆ,
ಕೋಳಿ ಬೈಯಿತು.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೆಲಸ.
‘ಓ’ದಿಂದ ಸೊನ್ನೆ ಬಂತು, ಸೊನ್ನೆ ಬಿಚ್ಚಿ ರ.
‘ಎಸ್’ ಅನ್ನು ಮಲಗಿಸಿದರೆ ಬಳ್ಳಿ,
ಅದರ ತುದಿ ಕತ್ತರಿಸಿ ಕೊಂಬು ಮಾಡಿದೆ.
‘ಎನ್’ನ ನೆತ್ತಿಯ ಚೂರು ತಲೆಕಟ್ಟಿಗೆ ಸರಿಹೋಯಿತು.
‘ಎಲ್’ ಕಂಬದ ಹಾಗೆ ನಿಂತೇ ಇತ್ತು, ಎರಡು ದಿನ.
ನಮ್ಮಲ್ಲಿ ನೆಟ್ಟಗೆ ನಿಲ್ಲುವ ಅಕ್ಷರವೇ ಇಲ್ಲ,
ಎಲ್ಲ ಎಲ್ಲಾದರೂ ಬಾಗುತ್ತವೆ. ಅದನ್ನು ಬದಿಗಿಟ್ಟೆ.

ಮತ್ತೆ ಆ ಅಡಿಗೆರೆ.
ಇಂಗ್ಲಿಷಿಗೆ ಅದು ನೆಲ.
ಕನ್ನಡಕ್ಕೆ ಅದು ಅಟ್ಟ, ಕೆಳಗೆ ಒತ್ತುಗಳ ಸಂಸಾರ ಉಂಟು.
ಗೆರೆ ತೆಗೆದರೆ ಕಾರಿನ ಗತ್ತು ಹೋಯಿತು,
ಮೇಲಕ್ಕೇರಿಸಿದರೆ ಹಿಂದಿಯಾಯಿತು.
ಕೊನೆಗೆ ಅದನ್ನು ತುಂಡುತುಂಡು ಮಾಡಿ
ಒಂದೊಂದು ಅಕ್ಷರದ ಹೊಟ್ಟೆಗೆ ಸ್ವಲ್ಪ ಸ್ವಲ್ಪ ಭಾರ ಕೊಟ್ಟೆ.

ಹದಿನೇಳನೆಯ ರಾತ್ರಿಗೆ ಎಲ್ಲ ಬಂತು,
ಞ ಒಂದು ಬಿಟ್ಟು.

ಘಟ್ಟದ ಮೇಲೆ ಅದನ್ನು ಎಲ್ಲರಿಗಿಂತ ಕೊನೆಗೆ, ನಿದ್ದೆಗಣ್ಣಲ್ಲಿ ಬಿಡಿಸುತ್ತಾರೆ.
ಅಕ್ಷರಮಾಲೆಯಲ್ಲಿ ಒಮ್ಮೆ ಹೇಳಿ ಮರೆಯುತ್ತಾರೆ,
ಜ್ಞಾನದ ಕೆಳಗೆ ಒತ್ತಾಗಿ ಕೂತರೆ ಅದೇ ಹೆಚ್ಚು.
ಇಲ್ಲಿ ಹಾಗಲ್ಲ.
ಕುಂಞಂಬು, ಮಮ್ಮುಂಞಿ, ಕುಂಞಿಕಣ್ಣ, ಕುಂಞಾಲಿಮ್ಮ,
ಮೂಗಿನಲ್ಲಿ ಹುಟ್ಟಿ ಕೂಸೆಂದು ಅರ್ಥವಾಗುವ ಅಕ್ಷರ
ಎಪ್ಪತ್ತು ದಾಟಿದವರನ್ನೂ ಕೂಸು ಮಾಡಿ ಇಟ್ಟಿದೆ.
ಕಾಗದದಲ್ಲಿ ಮಾತ್ರ ಕಷ್ಟ:
ಲೈಸೆನ್ಸಿನಲ್ಲಿ ಅವನು ಅಂದುನ್ನಿ,
ಮತಪಟ್ಟಿಯಲ್ಲಿ ಅಂದುಜ್ಞಿ,
ಆಸ್ಪತ್ರೆ ಚೀಟಿಯಲ್ಲಿ ‘ಅಂದುಂ’, ಆಮೇಲೆ ಒಂದು ಖಾಲಿ ಚೌಕ.
‘ಡಾಕ್ಟರು ಆ ಚೌಕವನ್ನೇ ಕೂಗಿದರು ಅಕ್ಕ, ನಾನು ಎದ್ದು ಹೋದೆ.’

ಐದಕ್ಷರಗಳಲ್ಲಿ ಅದಕ್ಕೆ ಬೇಕಾದ ತಿರುವು ಇರಲಿಲ್ಲ.
ಬೆಳಿಗ್ಗೆ ಮತ್ತೆ ಕಾರಿನ ಹತ್ತಿರ ಹೋದೆ,
ಬಟ್ಟೆಗೆ ಸೀಮೆಎಣ್ಣೆ ಹಾಕಿ ಡಿಕ್ಕಿ ಒರೆಸಿದೆ.
ಬಿಸಿಲು ತಿಂದು ತಿಂದು ಕಾರು ಪೂರ್ತಿ
ಅಕ್ಕಿ ತೊಳೆದ ನೀರಿನ ಬಣ್ಣ.
ಬಿದ್ದುಹೋದ ‘ಈ’ ಇದ್ದಲ್ಲಿ ಮಾತ್ರ
ಮೊದಲ ದಿನದ ಹಸಿರು,
ಸಣ್ಣ ಕಣ್ಣು, ಸುತ್ತಿ ಬಂದು ಮುಚ್ಚದೆ ಬಿಟ್ಟ ಬಾಲ.
ಉಗುರಿನಿಂದ ಅಂಚು ಹಿಡಿದು ನೋಡಿದೆ.
ಇರುವವಕ್ಕಿಂತ ಇದೇ ಸ್ಪಷ್ಟ.

ಆ ಕಣ್ಣನ್ನೇ ಞದ ಒಳಸುಳಿಗೆ ಇಟ್ಟೆ.
ಮೇಲೆ ಗುಡಿಸು ಕಟ್ಟಿದೆ.

ಶುಕ್ರವಾರ ಜುಮಾ ಮುಗಿಸಿ ಬಂದವನು
ಸೊಂಟಕ್ಕೆ ಕೈಕೊಟ್ಟು ಬೋರ್ಡು ನೋಡಿದ.
‘ಗ್ಯಾರೇಜಿನ ಯ-ಒತ್ತು ಸ್ವಲ್ಪ ಕೆಳಗಾಯಿತು,
ಮಳೆಗಾಲದಲ್ಲಿ ಕೆಸರು ಹಾರಿ ಮುಚ್ಚೀತು’ ಅಂದ.
ನಿಜವೇ. ಏಣಿ ಹತ್ತಿ ಎತ್ತರಿಸಿದೆ.
ಞದ ಬಗ್ಗೆ ಎಂತದೂ ಹೇಳಲಿಲ್ಲ.
ತನ್ನ ಹೆಸರನ್ನು ಎಲ್ಲೂ ತಡೆಯದೆ ಓದಿ
ಸ್ಪ್ಯಾನರ್ ಹುಡುಕಲು ಒಳಗೆ ಹೋದ.