ಎಲ್ಲ ಅಂದರೆ ಎಲ್ಲ

ಬೆಲ್ಟು ಬಿಗಿದು ಕೂತ ಮೇಲೆ ಹುಡುಗಿ ಹೇಳಿದಳು,
ಮೈಕಿನಲ್ಲಿ, ಮೂಗಿನಿಂದ:
ನಿಮ್ಮ ಬಳಿಯಿರುವ ಎಲ್ಲ ಎಲೆಕ್ಟ್ರಾನಿಕ್ ಸಾಧನಗಳನ್ನೂ
ದಯವಿಟ್ಟು ಆರಿಸಿ.

ಯಾರು ಕೇಳುತ್ತಾರೆ?
ಮುಂದಿನ ಸೀಟಿನವನು ಇನ್ನೂ ಬಂಗುಡೆ ರೇಟು ಕುದುರಿಸುತ್ತಿದ್ದ.
ಹಂಪನಕಟ್ಟೆಯ ಮೆಟ್ಟಿಲಡಿ ಅಂಗಡಿಯಲ್ಲಿ
ಸತ್ತ ಫೋನುಗಳ ಹೊಟ್ಟೆ ಬಿಚ್ಚಿ ಬದುಕುವ ನಾನೂ
ನನ್ನದರಲ್ಲಿ ವಿಮಾನದ ಚಿತ್ರ ಒತ್ತಿ
ಕಿಸೆಗೆ ತಳ್ಳಿದೆ, ಅಷ್ಟೆ.

ಪಕ್ಕದ ಸೆವ್ರಿನ್ ಬಾಯಿ ಮಾತ್ರ
ಇಗರ್ಜಿಯಲ್ಲಿ ಕೂತ ಹಾಗೆ ಕೂತು
ಬಲಗಿವಿಯ ಮಿಷನು ಕಿತ್ತು
ಉಗುರಿನಲ್ಲಿ ಅದರ ಪುಟ್ಟ ಬಾಗಿಲು ತೆಗೆದು
ತೊಗರಿ ಬೇಳೆಯಷ್ಟು ಬ್ಯಾಟರಿ ಹೊರತೆಗೆದು
ಎರಡನ್ನೂ ಬೆಂಡೋಲೆಯ ಕೆಂಪು ಡಬ್ಬಿಯಲ್ಲಿ ಮಲಗಿಸಿದರು.

ಬೇಡ ಬಾಯಿ, ಅದನ್ನಲ್ಲ ಹೇಳಿದ್ದು, ಅಂದೆ.
ಯಾರಿಗೆ ಅಂದೆ!
ಫೋನು ತೆಗೆದು ದೊಡ್ಡಕ್ಷರದಲ್ಲಿ ಬರೆದು ಹಿಡಿದೆ.
ಕನ್ನಡಕ ಏರಿಸಿ, ಓದಿ,
ವಿಮಾನಕ್ಕೆಲ್ಲ ಕೇಳುವ ಹಾಗೆ ಅಂದರು:
"ಎಲ್ಲ ಅಂದರೆ ಎಲ್ಲ ಅಲ್ಲವಾ ಮಗಾ?
ನನ್ನ ಒಂದು ಕಿವಿಯಿಂದ ಇಷ್ಟು ಜನಕ್ಕೆ ಯಾಕೆ ತೊಂದರೆ?"

ಬಂಗುಡೆಯವನು ತಿರುಗಿ ನೋಡಿ
ಫೋನು ಆರಿಸಿದ.

ಮೋಡದ ಮೇಲೆ ಹೋದಾಗ, ಕೇಳದೆಯೇ ಹೇಳಿದರು:
ಮಲಾಡಿನ ಮಗಳ ಮನೆ, ಎರಡು ತಿಂಗಳು,
ಕಿಟಕಿಯಡಿ ರೈಲು, ಅಳಿಯನ ಟಿವಿ,
ಹೊಸ ಮಗುವಿನ ಹಸಿವು, ಮಿಕ್ಸಿ.
"ಈ ಕಿವಿ ಕೊಡಿಸಿದ ಮೇಲೆ ನನಗೆ ರಜೆಯೇ ಇಲ್ಲ."

ಫಲ್ಗುಣಿ ಒಮ್ಮೆ ಎಡಕ್ಕೆ ಬಂತು, ಮತ್ತೆ ಬಲಕ್ಕೆ.
ಗುಡ್ಡದ ನೆತ್ತಿ ಸವರಿ ಮಾಡಿದ ಬಜ್ಪೆಯ ರನ್‌ವೇ.
ಚಕ್ರ ತಾಗಿದ್ದೇ ಎದ್ದ ಬೊಬ್ಬೆಗೆ
ಇಡೀ ವಿಮಾನ ಹಲ್ಲು ಕಚ್ಚಿತು.
ಯಾವಾಗ ಹಿಡಿದೆನೋ ಕಾಣೆ, ಅವರ ಕೈ.
ಬೆಚ್ಚಗಿತ್ತು. ಅದಕ್ಕೇನೂ ಕೇಳಿರಲಿಲ್ಲ.

ನಿಲ್ಲುವ ಮೊದಲೇ ನೂರು ಫೋನು ಕಣ್ಣು ಬಿಟ್ಟವು.
ಯಾನ್ ಬತ್ತೆ. ಪಾವ್ಲೊಂ.
ಗೇಟಿನ ಹತ್ತಿರವೇ ನಿಲ್ಲು ಮಾರಾಯ.
ಬಾಯಿ ಡಬ್ಬಿ ತೆರೆದರು, ಬೇಳೆ ಜಾರಿತು,
ಸೀಟಿನಡಿ ಎಲ್ಲೋ.

ನಾನು ಟಾರ್ಚು ಹಚ್ಚಿ ಮಂಡಿಯೂರಿದೆ.
ದಾರಿಯಲ್ಲಿ ಚೀಲ ಹೊತ್ತವರು ಸಾಲುಗಟ್ಟಿ
ತುಳುವಿನಲ್ಲಿ, ಬ್ಯಾರಿಯಲ್ಲಿ, ಹಿಂದಿಯಲ್ಲಿ ಬೈಯುತ್ತಿದ್ದರು.
ಸೆವ್ರಿನ್ ಬಾಯಿ ಒಬ್ಬೊಬ್ಬರ ಬಾಯಿಯನ್ನೂ ನೋಡಿ,
ನಕ್ಕು,
ನನ್ನ ಬೆನ್ನು ತಟ್ಟಿದರು:
"ನಿಧಾನ ಹುಡುಕು ಮಗಾ,
ಏನೂ ಅವಸರ ಇಲ್ಲ."